ಮಾಡಿಗೆ ತೂತು ಬೇಡ

ಮಂಗಳೂರು ಹಂಚಿಗೆ ಮೊಳೆ ಹೊಡೆಯುವ ರೂಢಿಯಿಲ್ಲ. ಹಂಚಿನ ಅಡಿಯ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಸಾಲಿನ ಹಂಚು ಕೆಳಗಿನದರ ತಲೆ ಮುಚ್ಚುತ್ತದೆ. ಉಳಿದದ್ದನ್ನು ಅದರ ಭಾರ ನೋಡಿಕೊಳ್ಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳು ಇಂಥ ಮಾಡಿನಡಿಯಲ್ಲೇ ಮಳೆಗಾಲ ಕಳೆದವು. ಆ ಮಾಡು ಸೋರಿದರೆ ಹಂಚು ಒಡೆದಿರುತ್ತದೆ, ಇಲ್ಲವೇ ಜರುಗಿರುತ್ತದೆ. ಕೂರಿಸಿದ ರೀತಿಯೇ ಸೋರಿಕೆಗೆ ಕಾರಣವಾಗುವುದು ಅಪರೂಪ. ಈಗ ಪಕ್ಕಾಸು, ರೀಪಿನ ಜಾಗಕ್ಕೆ ಕಬ್ಬಿಣದ ಟ್ರಸ್ಸು, ಪರ್ಲಿನ್ನು ಬಂದಿವೆ. ಹಂಚಿನ ಜಾಗಕ್ಕೆ ಬಣ್ಣದ ಶೀಟು ಬಂದಿದೆ. ಸೋರುವ ಆರ್‌ಸಿಸಿ ತಾರಸಿಯ ಮೇಲೂ ಅದೇ ಶೀಟಿನ ಮಾಡು ಏಳುತ್ತಿದೆ. ಈ ಬದಲಾವಣೆಯ ನಡುವೆ ಒಂದು ಹಳೆಯ ವಿವೇಕ ಕೈತಪ್ಪಿತು: ನೀರು ತಡೆಯಬೇಕಾದ ಪದರಕ್ಕೆ ತೂತು ಕೊರೆಯಬಾರದು ಎನ್ನುವುದು. ಸ್ಕ್ರೂ ಕಾಣದ ಹಾಗೆ ಕ್ಲಿಪ್ಪಿನ ಮೇಲೆ ಕೂರಿಸುವ ಶೀಟು ಆ ವಿವೇಕವನ್ನು ಮರಳಿ ತರುತ್ತದೆ ಎಂಬುದು ನನ್ನ ವಾದ. ಅಂಗಡಿಯಲ್ಲಿ ಅದನ್ನು ಚಂದಕ್ಕೆಂದು ಮಾರುತ್ತಾರೆ. ಚಂದವೇನೋ ಹೌದು, ಆದರೆ ಹೆಚ್ಚು ದುಡ್ಡು ಕೊಡುವುದಕ್ಕೆ ಅಷ್ಟೇ ಕಾರಣ ಸಾಲದು.

ಮೊದಲು ತೂತುಗಳ ಲೆಕ್ಕ ನೋಡೋಣ. ಎರಡು ಸಾವಿರ ಚದರ ಅಡಿಯ ಮಾಡು ಎಂದಿಟ್ಟುಕೊಳ್ಳಿ. ನಾಲ್ಕು ಅಡಿಗೊಂದು ಪರ್ಲಿನ್, ಪರ್ಲಿನ್ನಿನ ಪ್ರತಿ ಮೀಟರಿಗೆ ನಾಲ್ಕು ಸ್ಕ್ರೂ ಎಂದರೂ ಆರುನೂರಕ್ಕೂ ಹೆಚ್ಚು ತೂತುಗಳಾದವು. ಶೀಟಿಗೆ ಶೀಟು ಜೋಡಿಸುವ ಸಣ್ಣ ಸ್ಕ್ರೂಗಳನ್ನು ಇದರಲ್ಲಿ ಸೇರಿಸಿಲ್ಲ. ಇಷ್ಟು ತೂತುಗಳನ್ನೂ ನೀರಿನಿಂದ ಕಾಯುವುದು ಸ್ಕ್ರೂ ತಲೆಯಡಿಯ ಪುಟ್ಟ ರಬ್ಬರ್ ವಾಷರ್. ವಾಷರ್ ಹೊಸದಾಗಿದ್ದಾಗ ಕೆಲಸ ಮಾಡುತ್ತದೆ. ಆದರೆ ಅದರಡಿಯ ಶೀಟು ಸುಮ್ಮನಿರುವುದಿಲ್ಲ. ಉಕ್ಕು ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಗಾಢ ಬಣ್ಣದ ಶೀಟು 70 ಡಿಗ್ರಿ ಮುಟ್ಟುತ್ತದೆ. ಬೆಳಗಿನ ಜಾವಕ್ಕೆ 20ಕ್ಕೆ ಇಳಿಯುತ್ತದೆ. 50 ಡಿಗ್ರಿಯ ಈ ಏರಿಳಿತಕ್ಕೆ 12 ಮೀಟರ್ ಉದ್ದದ ಉಕ್ಕಿನ ಶೀಟು ಏಳು ಮಿ.ಮೀ. ಉದ್ದವಾಗುತ್ತದೆ, ಮತ್ತೆ ಗಿಡ್ಡವಾಗುತ್ತದೆ. ಅಲ್ಯೂಮಿನಿಯಂ ಆದರೆ ಅದರ ದುಪ್ಪಟ್ಟು, ಹದಿನಾಲ್ಕು ಮಿ.ಮೀ. ಕೆಳಗೆ ನೆರಳಲ್ಲಿರುವ ಪರ್ಲಿನ್ ಅಷ್ಟು ಬಿಸಿಯಾಗುವುದಿಲ್ಲ, ಸ್ಕ್ರೂ ಅದನ್ನು ಕಚ್ಚಿ ನಿಂತಿರುತ್ತದೆ. ಶೀಟು ಹೊರಟಿತು, ಸ್ಕ್ರೂ ಬಿಡಲಿಲ್ಲ. ದಿನಕ್ಕೊಂದು ಸಲ ಈ ಎಳೆದಾಟ ನಡೆದರೆ ದುಂಡಗಿನ ತೂತು ನಿಧಾನಕ್ಕೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬಿಸಿಲಿಗೆ ಗಡುಸಾದ ವಾಷರ್ ಅದನ್ನು ಪೂರ್ತಿ ಮುಚ್ಚಲಾರದು. ಮುಂಗಾರಿಗೆ ಮುನ್ನ ಬೇಸಿಗೆ ಮಳೆ ಹೊಯ್ದಾಗ ಶೀಟಿನ ಮಾಡು ಟಪ್ ಟಪ್ ಎನ್ನುವುದನ್ನು ಅದರಡಿ ವಾಸಿಸುವವರೆಲ್ಲ ಬಲ್ಲರು. ಸ್ಕ್ರೂ ಬಿಗಿದ ಮಾಡಿನಲ್ಲಿ ಕಾದ ಲೋಹ ತಣ್ಣಗಾಗುತ್ತ ಆ ತೂತುಗಳನ್ನೇ ಜಗ್ಗುತ್ತಿರುತ್ತದೆ.

ಕ್ಲಿಪ್ಪಿನ ಉಪಾಯ ಸರಳ. ಸ್ಕ್ರೂವನ್ನು ಶೀಟಿಗೆ ಹೊಡೆಯದೆ ಕ್ಲಿಪ್ಪಿಗೆ ಹೊಡೆದು, ಕ್ಲಿಪ್ಪನ್ನು ಪರ್ಲಿನ್ನಿಗೆ ಕೂರಿಸುತ್ತಾರೆ. ಶೀಟಿನ ಎತ್ತರದ ಉಬ್ಬು ಆ ಕ್ಲಿಪ್ಪನ್ನು ಕಚ್ಚಿ ಹಿಡಿಯುತ್ತದೆ. ಪಕ್ಕದ ಶೀಟಿನ ಅಂಚು ಅದರ ಮೇಲೆ ಬಂದು ಕೂರುತ್ತದೆ. ಶೀಟು ಮೇಲೇಳುವಂತಿಲ್ಲ, ಉದ್ದಕ್ಕೆ ಮಾತ್ರ ಜಾರಬಹುದು. ಇದು ಇಂದಿನ ಕಾರ್ಖಾನೆಗಳ ಕಲ್ಪನೆಯೇನಲ್ಲ. ಯೂರೋಪಿನ ತಾಮ್ರದ ಮಾಡುಗಳಲ್ಲಿ ತಗಡಿನ ಅಂಚನ್ನು ಎತ್ತಿ ಮಡಚಿ, ಮಡಿಕೆಯೊಳಗೆ ಸಣ್ಣ ಪಟ್ಟಿ ಸೇರಿಸಿ ಹಿಡಿಸುವ ಕಸುಬು ಬಹಳ ಹಳೆಯದು. ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಅಲೆಅಲೆಯಾದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದ. ತೆಳು ತಗಡಿಗೆ ಆ ಅಲೆ ಕೊಟ್ಟ ಬಲದಿಂದ ಅಗ್ಗದ, ಬೇಗ ಏಳುವ ಮಾಡು ಲೋಕವೆಲ್ಲ ಹಬ್ಬಿತು. ಅದರ ಜೊತೆಗೇ ತಗಡನ್ನು ಚುಚ್ಚಿ ಬಿಗಿಯುವ ಅಭ್ಯಾಸವೂ ಹಬ್ಬಿತು.

ಕ್ಲಿಪ್ಪಿನ ಜೋಡಣೆಯ ಸುಖವಿರುವುದು ಕೆಲಸದ ಕ್ರಮದಲ್ಲಿ. ಸ್ಕ್ರೂ ಶೀಟಿನಲ್ಲಿ ಅರ್ಧ ಇಂಚು ಆಚೀಚೆ ಆದರೂ ನಡೆಯುತ್ತದೆ. ಇಲ್ಲಿ ಮೊದಲ ಸಾಲಿನ ಕ್ಲಿಪ್ಪು ಓರೆಯಾದರೆ ಕೊನೆಯ ಶೀಟಿನವರೆಗೂ ಆ ಓರೆ ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ ಒಳ್ಳೆಯ ಕೆಲಸಗಾರ ಮೊದಲು ಪರ್ಲಿನ್ನುಗಳ ಬೆನ್ನ ಮೇಲೆ ದಾರ ಹಿಡಿದು ಏರುತಗ್ಗು ನೋಡುತ್ತಾನೆ. ಮೂರು, ನಾಲ್ಕು, ಐದರ ಲೆಕ್ಕದಲ್ಲಿ ಸೂರಿನ ಅಂಚಿಗೆ ಮೂಲೆಮಟ್ಟ ಹಿಡಿದು ಮೊದಲ ಗೆರೆ ಎಳೆಯುತ್ತಾನೆ. ಯಾವ ತುದಿಯಿಂದ ಆರಂಭಿಸಬೇಕೆಂಬುದನ್ನು ಗಾಳಿ ಹೇಳುತ್ತದೆ. ನಮ್ಮಲ್ಲಿ ಮಳೆ ನೈಋತ್ಯದಿಂದ ಹೊಡೆಯುವುದರಿಂದ ಅದಕ್ಕೆ ಬೆನ್ನಾದ ತುದಿಯಿಂದ ಶೀಟು ಹಾಸುತ್ತ ಬರಬೇಕು. ಆಗ ಮೇಲೆ ಬೀಳುವ ಅಂಚಿನ ಬಾಯಿ ಗಾಳಿಗೆ ತೆರೆದಿರುವುದಿಲ್ಲ. ಕ್ಲಿಪ್ಪಿನ ಮೇಲೆ ಉಬ್ಬನ್ನು ಕಾಲಿನಿಂದ ಒತ್ತಿದಾಗ ‘ಟಕ್’ ಎಂಬ ಸದ್ದು ಬರಬೇಕು, ಪ್ರತಿ ಕ್ಲಿಪ್ಪಿನಲ್ಲೂ ಬರಬೇಕು. ಸದ್ದು ಬಾರದ ಕ್ಲಿಪ್ಪು ಶೀಟನ್ನು ಹಿಡಿದಿಲ್ಲ ಎಂದೇ ತಿಳಿಯಬೇಕು. ಶಾಖ ತಡೆಯಲೆಂದು ಶೀಟಿನಡಿ ದಪ್ಪ ಹೊದಿಕೆ ಹಾಸಿದ ಕಡೆ ಈ ಸದ್ದು ತಪ್ಪುವುದು ಹೆಚ್ಚು, ಏಕೆಂದರೆ ಹೊದಿಕೆಯ ದಪ್ಪ ಉಬ್ಬನ್ನು ಪೂರ್ತಿ ಇಳಿಯಗೊಡುವುದಿಲ್ಲ. ಎಂಟು ಹತ್ತು ಶೀಟಿಗೊಮ್ಮೆ ಸೂರಿನಲ್ಲೂ ಕೊಡಿಯಲ್ಲೂ ಟೇಪು ಹಿಡಿದು ಎರಡೂ ಅಳತೆ ಸಮವಿದೆಯೇ ಎಂದು ನೋಡಬೇಕು. ಇನ್ನೊಂದು ಮಾತನ್ನು ಬಹಳ ಮಂದಿ ಮರೆಯುತ್ತಾರೆ. ಶೀಟು ಪೂರ್ತಿ ಸ್ವತಂತ್ರವಾದರೆ ಇಳಿಜಾರಿನಲ್ಲಿ ತಾನೇ ಕೆಳಗೆ ಸರಿಯುತ್ತದೆ. ಆದ್ದರಿಂದ ಒಂದು ಕಡೆ, ಸಾಮಾನ್ಯವಾಗಿ ಕೊಡಿಯ ಮುಚ್ಚಳದ ಅಡಿಯಲ್ಲಿ, ಅದನ್ನು ಭದ್ರವಾಗಿ ನಿಲ್ಲಿಸಿ ಉಳಿದ ಚಲನೆಯನ್ನೆಲ್ಲ ಸೂರಿನ ಕಡೆ ಬಿಡಬೇಕು. ಎರಡೂ ತುದಿ ಬಿಗಿದುಬಿಟ್ಟರೆ ಕ್ಲಿಪ್ಪಿಗೆ ಕೊಟ್ಟ ದುಡ್ಡು ದಂಡ.

ತುದಿಗಳ ವಿಷಯದಲ್ಲಿ ನಾನು ಹಟಮಾರಿ. ಕೊಡಿಯಲ್ಲಿ ಶೀಟಿನ ತಗ್ಗನ್ನು ಇಕ್ಕಳದಂಥ ಉಪಕರಣದಿಂದ ಮೇಲಕ್ಕೆ ಮಡಚಬೇಕು, ಸೂರಿನಲ್ಲಿ ಕೆಳಕ್ಕೆ ಮಡಚಬೇಕು. ಒಂದು ತಗ್ಗಿಗೆ ಅರ್ಧ ನಿಮಿಷದ ಕೆಲಸ. ಮೇಲೆ ಮಡಚದಿದ್ದರೆ ಗಾಳಿ ತಳ್ಳಿದ ನೀರು ಮಾಡಿನ ಮೇಲೆ ಹಿಮ್ಮುಖವಾಗಿ ಹತ್ತಿ ಕೊಡಿಯ ಮುಚ್ಚಳದಡಿಯಿಂದ ಒಳಗಿಳಿಯುತ್ತದೆ. ಕೆಳಗೆ ಮಡಚದಿದ್ದರೆ ನೀರು ದೋಣಿಗೆ ಬೀಳದೆ ಶೀಟಿನ ಅಡಿಮೈ ಹಿಡಿದು ಗೋಡೆಗೆ ಬರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆಯಂಥ ಕಡೆ ಇದನ್ನು ಬಿಡುವುದು ಅಕ್ಷಮ್ಯ. ಅಷ್ಟೇ ಮುಖ್ಯವಾದದ್ದು ಲೋಹದ ಗುಣ. ಗಾಲ್ವಲ್ಯೂಮ್ ಎಂದು ಮಾರುವ ಶೀಟಿನ ಮೇಲಿನ ಲೇಪದಲ್ಲಿ ಶೇ 55 ಅಲ್ಯೂಮಿನಿಯಂ, ಶೇ 43.4 ಸತು, ಶೇ 1.6 ಸಿಲಿಕಾನ್ ಇರುತ್ತದೆ. ಇದಕ್ಕೆ ಹಸಿ ಸಿಮೆಂಟ್ ಆಗದು, ತಾಮ್ರವೂ ಆಗದು. ಶೀಟು ಗೋಡೆಗೆ ಸೇರುವಲ್ಲಿ ಗಾರೆ ಮೆತ್ತಿ ಮುಚ್ಚುವುದು ನಮ್ಮಲ್ಲಿ ಸಾಮಾನ್ಯ. ಅಲ್ಲೇ ಶೀಟು ಮೊದಲು ಕೊಳೆಯುತ್ತದೆ. ಸಿಡಿಲು ತಡೆಯಲು ಎಳೆದ ತಾಮ್ರದ ಪಟ್ಟಿಯಿಂದ ಇಳಿದ ಮಳೆನೀರೂ ಲೇಪವನ್ನು ತಿನ್ನುತ್ತದೆ. ಗ್ರೈಂಡರಿನಿಂದ ಶೀಟು ಕತ್ತರಿಸಿದರೆ ಅಂಚಿನ ಲೇಪ ಸುಡುತ್ತದೆ, ಸಿಡಿದ ಬಿಸಿ ಚೂರುಗಳು ಬಣ್ಣಕ್ಕೆ ಅಂಟಿ ಒಂದೇ ಮಳೆಗೆ ತುಕ್ಕಿನ ಚುಕ್ಕೆಗಳಾಗುತ್ತವೆ. ತಗಡಿನ ಕತ್ತರಿಯೇ ಸರಿ. ಬಣ್ಣವಿಲ್ಲದ ಶೀಟಿನ ಮೇಲೆ ಸೀಸದ ಕಡ್ಡಿಯಲ್ಲಿ ಗುರುತು ಹಾಕುವುದೂ ತಪ್ಪು. ಆ ಕಪ್ಪು ಗೆರೆಯ ಗ್ರ್ಯಾಫೈಟ್ ತೇವದಲ್ಲಿ ಲೇಪವನ್ನು ಕೊರೆಯುತ್ತದೆ.

ಗೋಡೆಯ ಮಾತು ಚಿಕ್ಕದು. ಕರಾವಳಿಯಲ್ಲಿ ಮಣ್ಣಿನ ಗೋಡೆಗೆ ಮಳೆಗಾಲದಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ತಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡುತ್ತಿತ್ತು, ಒಳಹೊಕ್ಕ ಹನಿ ಕೆಳಗಿಳಿದು ಹೋಗುತ್ತಿತ್ತು. ಲೋಹದ ಹೊದಿಕೆಯನ್ನು ಗೋಡೆಗೆ ಹಾಕುವಾಗಲೂ ಇದೇ ನಿಯಮ: ಹಿಂದೆ ಜಾಗ ಬಿಡಿ, ಕೆಳಗೆ ನೀರಿಗೆ ದಾರಿ ಬಿಡಿ. ಒಂದು ಪಟ್ಟಿಯ ಅಂಚಿಗೆ ಸ್ಕ್ರೂ ಹಾಕಿ, ಮುಂದಿನ ಪಟ್ಟಿಯಿಂದ ಅದನ್ನು ಮುಚ್ಚುತ್ತ ಹೋಗುವುದು ಇಲ್ಲಿಯ ಕ್ರಮ. ಅಂಚಿನ ತೂತು ಉದ್ದನೆಯದಿರುತ್ತದೆ. ಸ್ಕ್ರೂ ಅದರ ನಡುವಿನಲ್ಲಿರಬೇಕು, ಕತ್ತು ಹಿಸುಕುವಂತೆ ಬಿಗಿಯಬಾರದು. ಸಪಾಟಾದ ಗೋಡೆಪಟ್ಟಿ ಬಿಸಿಲಲ್ಲಿ ಅಲೆಅಲೆಯಾಗಿ ಕಂಡರೆ ಬಹುತೇಕ ಅದಕ್ಕೆ ಚಲಿಸಲು ಜಾಗ ಕೊಟ್ಟಿಲ್ಲ, ಇಲ್ಲವೇ ಹಿಂದಿನ ಚೌಕಟ್ಟು ಸಮವಿಲ್ಲ.

ಆಕ್ಷೇಪಗಳಲ್ಲಿ ತೂಕವುಳ್ಳದ್ದು ಗಾಳಿಯದು. ಸ್ಕ್ರೂ ಕಣ್ಣಿಗೆ ಕಾಣುತ್ತದೆ, ಧೈರ್ಯ ಕೊಡುತ್ತದೆ. ಬರೀ ಕ್ಲಿಪ್ಪಿಗೆ ಸಿಕ್ಕಿಸಿದ ಶೀಟು ಹಾರಿಹೋಗದೇ ಎಂದು ಕೇಳುತ್ತಾರೆ. ಭಾರತೀಯ ಮಾನಕ 875ರ ಮೂರನೇ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗವನ್ನು ಗೊತ್ತುಮಾಡಿದೆ. 39 ಮೀಟರಿನ ಗಾಳಿಯ ಒತ್ತಡ ಚದರ ಮೀಟರಿಗೆ ತೊಂಬತ್ತು ಕೆ.ಜಿ.ಗೂ ಮೇಲೆ, ಮಾಡಿನ ಅಂಚು, ಮೂಲೆಗಳಲ್ಲಿ ಅದು ಮೇಲ್ಮುಖ ಸೆಳೆತವಾಗಿ ಇನ್ನೂ ಹೆಚ್ಚುತ್ತದೆ. ಅರ್ಧ ಮಿ.ಮೀ. ದಪ್ಪದ ಶೀಟಿನ ಸ್ವಂತ ತೂಕ ಚದರ ಮೀಟರಿಗೆ ಐದು ಕೆ.ಜಿ. ಆಸುಪಾಸು. ಹಂಚಿನಂತೆ ಭಾರವನ್ನು ನೆಚ್ಚುವಂತಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಸ್ಕ್ರೂ ಹಾಕಿದ್ದರಿಂದಲೇ ಮಾಡು ಉಳಿಯುತ್ತದೆ ಎಂಬುದನ್ನು ಒಪ್ಪಲಾರೆ. 1974ರ ಕ್ರಿಸ್‌ಮಸ್ ದಿನದ ನಸುಕಿನಲ್ಲಿ ಟ್ರೇಸಿ ಚಂಡಮಾರುತ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ನೆಲಸಮ ಮಾಡಿತು. ಅಲ್ಲಿಯ ತಗಡಿನ ಮಾಡುಗಳನ್ನು ಪರೀಕ್ಷಿಸಿದಾಗ ಕಂಡದ್ದೇನೆಂದರೆ, ಗಾಳಿಯ ಮೇಲಿಂದ ಮೇಲೆ ಬಿದ್ದ ಹೊಡೆತಕ್ಕೆ ತೂತಿನ ಸುತ್ತ ಲೋಹ ದಣಿದು ಬಿರುಕುಬಿಟ್ಟು, ಸ್ಕ್ರೂ ಪರ್ಲಿನ್ನಿನಲ್ಲೇ ಉಳಿದು ಶೀಟು ಅದರ ತಲೆಯ ಮೇಲಿಂದ ಕಿತ್ತುಬಂದಿತ್ತು. ಬಳಿಕ ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಚಂಡಮಾರುತ ಪರೀಕ್ಷಾ ಕೇಂದ್ರವೇ ಆರಂಭವಾಯಿತು. ಕ್ಲಿಪ್ಪಿನ ಮಾಡು ಸೋಲುವ ಬಗೆ ಬೇರೆ: ಸೆಳೆತಕ್ಕೆ ಶೀಟಿನ ತಗ್ಗು ಉಬ್ಬಿ, ಉಬ್ಬಿನ ಬಾಯಿ ಅಗಲವಾಗಿ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ, ಒಂದು ಶೀಟು ಬಿಟ್ಟರೆ ಪಕ್ಕದ್ದೂ ಸಡಿಲವಾಗುತ್ತದೆ. ಇದಕ್ಕೆ ಮದ್ದು ಗೊತ್ತಿರುವುದೇ. ಅಂಚು, ಮೂಲೆಗಳಲ್ಲಿ ಪರ್ಲಿನ್ನುಗಳನ್ನು ಹತ್ತಿರ ಇಟ್ಟು ಕ್ಲಿಪ್ಪುಗಳನ್ನು ಒತ್ತಾಗಿ ಹಾಕುವುದು. ಶೀಟಿನ ತಯಾರಕರು ಕೊಡುವ ಕೋಷ್ಟಕದಲ್ಲಿ ಆ ಅಂತರ ಇರುತ್ತದೆ. ಮಾಡಿನ ನಡುವಿಗೂ ಅಂಚಿಗೂ ಒಂದೇ ಅಂತರ ಇಡುವವನ ಕೈಗೆ ಯಾವ ಬಗೆಯ ಶೀಟನ್ನೂ ಕೊಡಬಾರದು.

ರಿಪೇರಿಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ತೆಂಗಿನಕಾಯಿ ಬಿದ್ದು ನಡುವಿನ ಒಂದು ಶೀಟು ಹಾಳಾದರೆ ಸ್ಕ್ರೂ ಮಾಡಿನಲ್ಲಿ ಅದೊಂದನ್ನೇ ಬಿಚ್ಚಬಹುದು. ಕ್ಲಿಪ್ಪಿನದಾದರೆ ಕೆಲವು ಬಗೆಗಳಲ್ಲಿ ತುದಿಯಿಂದ ಬಿಚ್ಚುತ್ತ ಬರಬೇಕು. ತೋಟದ ನಡುವಿನ ಮನೆಯವರು ಇದನ್ನು ಯೋಚಿಸಿಯೇ ನಿರ್ಧರಿಸಲಿ. ಬೆಲೆಯ ಆಕ್ಷೇಪಕ್ಕೆ ಉತ್ತರ ಮಾಡಿನ ಉದ್ದದಲ್ಲಿದೆ. ಕೊಟ್ಟಿಗೆಗೆ, ಬಚ್ಚಲಿಗೆ, ಮೂರು ನಾಲ್ಕು ಮೀಟರಿನ ಇಳಿಜಾರಿಗೆ ಸ್ಕ್ರೂ ಶೀಟೇ ಸಾಕು. ಅಷ್ಟು ಉದ್ದಕ್ಕೆ ಹಿಗ್ಗುವುದು ಎರಡು ಮಿ.ಮೀ. ಮಾತ್ರ, ತೂತು ಅದನ್ನು ತಾಳುತ್ತದೆ. ಇಳಿಜಾರು ಹತ್ತು ಮೀಟರ್ ದಾಟಿದಾಗ, ಮಾಡಿನಡಿ ಮನುಷ್ಯರು ಮಲಗುವಾಗ, ಅಡಿಕೆ ದಾಸ್ತಾನಿರುವಾಗ ಲೆಕ್ಕ ಬದಲಾಗುತ್ತದೆ. ಘಾಟಿಯ ತಿರುವುಗಳಲ್ಲಿ ಉದ್ದದ ಶೀಟು ಸಾಗಿಸಲಾಗದು ಎಂಬ ಮಾತಿಗೂ ಪರಿಹಾರವಿದೆ. ಸುರುಳಿಯನ್ನೂ ಯಂತ್ರವನ್ನೂ ಜಾಗಕ್ಕೇ ತಂದು, ಕೊಡಿಯಿಂದ ಸೂರಿನವರೆಗೆ ನಡುವೆ ಜೋಡಣೆಯಿಲ್ಲದ ಒಂದೇ ಶೀಟು ಎಳೆಯುವವರು ಈಗ ಇದ್ದಾರೆ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಸೋಲಾರ್ ಫಲಕದ ವಿಚಾರವೂ ಸೇರಿಕೊಂಡಿದೆ. ಎದ್ದುನಿಂತ ಮಡಿಕೆಯ ಶೀಟಿಗೆ ಹೊಂದುವ ಹಿಡಿಕೆಗಳು ಉಬ್ಬನ್ನೇ ಹಿಡಿಯುತ್ತವೆ, ಫಲಕಕ್ಕಾಗಿ ತೂತು ಕೊರೆಯಬೇಕಿಲ್ಲ. ಇಷ್ಟೆಲ್ಲ ಜತನದಿಂದ ಕಟ್ಟಿದ ಮಾಡಿಗೆ ಟಿ.ವಿ. ಡಿಶ್ ಕೂರಿಸಲು ಬಂದವರಿಂದ ನಾಲ್ಕು ತೂತು ಹೊಡೆಸಿಕೊಳ್ಳಬೇಡಿ, ಡಿಶ್ಶಿಗೆ ಗೋಡೆಯಿದೆ.

ಕೊನೆಯದು ಕೆಲಸಗಾರರ ಮಾತು. ಸ್ಕ್ರೂ ತಪ್ಪಿದರೆ ಅಂಗಳದಲ್ಲಿ ನಿಂತವರಿಗೂ ಕಾಣುತ್ತದೆ. ಕ್ಲಿಪ್ಪು ತಪ್ಪಿದರೆ ಅದರ ಮೇಲೆ ಶೀಟು ಮುಚ್ಚಿಕೊಳ್ಳುತ್ತದೆ, ಹತ್ತು ವರ್ಷ ಯಾರಿಗೂ ತಿಳಿಯುವುದಿಲ್ಲ. ಈ ಪದ್ಧತಿಯ ದೊಡ್ಡ ದೌರ್ಬಲ್ಯ ಇದೇ ಎಂದು ನಾನು ತಿಳಿದಿದ್ದೇನೆ. ಇದನ್ನು ನೀಗಿಸುವುದು ಮನೆಯವರ ಕೈಯಲ್ಲೂ ಇದೆ. ಶೀಟು ಮುಚ್ಚುವ ಮೊದಲು ಮೆಟ್ಟಿಲೇರಿ ನೋಡಿ. ಪ್ರತಿ ಪರ್ಲಿನ್ನಿನ ಮೇಲೂ ಕ್ಲಿಪ್ಪಿದೆಯೇ, ಅಂಚಿನಲ್ಲಿ ಹೇಳಿದಷ್ಟು ಒತ್ತಾಗಿದೆಯೇ, ಕ್ಲಿಪ್ಪಿನಲ್ಲಿ ಎಷ್ಟು ತೂತಿದೆಯೋ ಅಷ್ಟಕ್ಕೂ ಸ್ಕ್ರೂ ಬಿದ್ದಿದೆಯೇ ಎಂದು ಎಣಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಕೊಡಿಯ ಮುಚ್ಚಳ ಹಾಕುವ ದಿನವೂ ಮನೆಯಲ್ಲೇ ಇರಿ, ತಗ್ಗುಗಳನ್ನು ಮೇಲಕ್ಕೆ ಮಡಚಿದ್ದಾರೆಯೇ ಎಂದು ಕಣ್ಣಾರೆ ನೋಡಿದ ಮೇಲೆ ಕೊನೆಯ ಕಂತಿನ ದುಡ್ಡು ಕೊಡಿ.