ಕೂತ ಗಂಟೆಗಳಿಗೆ ಕ್ರೆಡಿಟ್

ಕರ್ನಾಟಕದ ಅಲೋಪಥಿ ವೈದ್ಯರು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳಬೇಕು. ಅದಕ್ಕೆ 30 ಕ್ರೆಡಿಟ್ ಗಂಟೆಗಳ ಸಿಎಂಇ, ಅಂದರೆ ವೃತ್ತಿಯಲ್ಲಿದ್ದುಕೊಂಡೇ ಪಡೆಯುವ ಶಿಕ್ಷಣ, ಆಗಿರಬೇಕು. ಭಾರತೀಯ ವೈದ್ಯಕೀಯ ಪರಿಷತ್ತು 2002ರ ನಡತೆ ನಿಯಮಾವಳಿಯಲ್ಲಿ ಬರೆದಿದ್ದ ಈ ಮಾತನ್ನು ಎಷ್ಟೋ ರಾಜ್ಯಗಳು ಕಾಗದದಲ್ಲೇ ಬಿಟ್ಟವು. ಕರ್ನಾಟಕ ವೈದ್ಯಕೀಯ ಪರಿಷತ್ತು ಅದನ್ನು ನವೀಕರಣದ ಷರತ್ತಾಗಿಸಿತು, ಮೆಚ್ಚಬೇಕಾದ ಕೆಲಸ. ಎಂಬಿಬಿಎಸ್ ಮುಗಿದ ದಿನಕ್ಕೇ ವೈದ್ಯರ ಓದು ನಿಂತರೆ ಅದರ ಬೆಲೆ ತೆರುವವರು ರೋಗಿಗಳು. ಆದರೆ ಈ ನಿಯಮ ಲೆಕ್ಕ ಇಡುವುದು ಕೂತ ಗಂಟೆಗಳನ್ನು ಮಾತ್ರ. ಅದರ ದೊಡ್ಡ ಕೊರತೆ ಇದೇ.

ಹಾವು ಕಡಿತವನ್ನೇ ತೆಗೆದುಕೊಳ್ಳಿ. 2024ರಲ್ಲಿ ರಾಜ್ಯ ಸರ್ಕಾರ ಅದರ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಕೊಳಕುಮಂಡಲ ಕಚ್ಚಿಸಿಕೊಂಡು ಬಂದ ರೈತನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಬೇಕಾದ ಮುಖ್ಯ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಎರಡು ಎಂಎಲ್ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ, 20 ನಿಮಿಷ ಅಲುಗಿಸದೆ ಬಿಟ್ಟು, ಒಂದೇ ಸಲ ಬಾಗಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಪ್ರತಿವಿಷ ಶುರು ಮಾಡಬೇಕು, ಮೊದಲ ಸುತ್ತಿಗೇ 8ರಿಂದ 10 ವಯಲ್. ಪ್ಲಾಸ್ಟಿಕ್ ಕೊಳವೆಯಾದರೆ, ಅಥವಾ ಗಾಜಿನದನ್ನೇ ಸೋಪಿನಪುಡಿಯಲ್ಲಿ ತೊಳೆದಿಟ್ಟಿದ್ದರೆ, ವಿಷವೇರದವರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಇನ್ನು ಪ್ರತಿವಿಷ ಒಗ್ಗದೆ ರೋಗಿ ಕುಸಿದರೆ ತಡಮಾಡದೆ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು. ಇದನ್ನು ಒಮ್ಮೆಯೂ ಕೈಯಾರೆ ಮಾಡದ ವೈದ್ಯರು ಅಂಜಿ ಜಿಲ್ಲಾಸ್ಪತ್ರೆಗೆ ಬರೆದುಕೊಡುತ್ತಾರೆ. ಆಂಬುಲೆನ್ಸ್‌ನಲ್ಲೇ ಅಮೂಲ್ಯ ಹೊತ್ತು ಕಳೆದುಹೋಗುತ್ತದೆ.

ಸಾಮಾನ್ಯ ಸಿಎಂಇ ಈ ಅಂಜಿಕೆಯನ್ನು ಬಿಡಿಸುವುದಿಲ್ಲ. ಭಾನುವಾರದ ಹೋಟೆಲ್ ಸಭಾಂಗಣ, ಒಂದರ ಹಿಂದೊಂದು ಉಪನ್ಯಾಸ, ಊಟ, ಸಂಜೆ ಪ್ರಮಾಣಪತ್ರ. ಮಾತಾಡುವವರು ಬಲ್ಲವರೇ, ಕೇಳುವವರಲ್ಲೂ ಶ್ರದ್ಧೆ ಇರುತ್ತದೆ. ಆದರೂ ಡೇವ್ ಡೇವಿಸ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ 1999ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಹೇಳಿದ್ದು ಇದು: ಬರೀ ಉಪನ್ಯಾಸದಿಂದ ವೈದ್ಯರ ಚಿಕಿತ್ಸೆಯ ರೀತಿ ಬದಲಾದಂತೆ ಕಾಣಲಿಲ್ಲ, ಕಲಿಯುವವರೇ ತೊಡಗಿಕೊಂಡು ಅಭ್ಯಾಸ ಮಾಡುವ ತರಬೇತಿಯಿಂದ ಬದಲಾಗಬಲ್ಲದು. ಇಷ್ಟು ಹಳೆಯ ತಿಳಿವಳಿಕೆ ನಮ್ಮ ನಿಯಮಕ್ಕೆ ಇನ್ನೂ ಇಳಿದಿಲ್ಲ.

ಬ್ರಿಟನ್ನಿನಲ್ಲಿ 2012ರಿಂದ ವೈದ್ಯರ ಕೆಲಸ ಪ್ರತಿ ವರ್ಷ ವಿಮರ್ಶೆಗೆ ಒಳಗಾಗುತ್ತದೆ. ರೋಗಿಗಳ ಮತ್ತು ಸಹೋದ್ಯೋಗಿಗಳ ಅಭಿಪ್ರಾಯವೂ ಅದರಲ್ಲಿ ಸೇರುತ್ತದೆ. ಅದನ್ನು ಹಾಗೇ ಇಲ್ಲಿಗೆ ತರುವುದು ಸುಲಭವಲ್ಲ. ಹೋಬಳಿಗೊಬ್ಬರೇ ಇರುವ ವೈದ್ಯರ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡುವವರು ಯಾರು?

ನನಗೆ ಹೆಚ್ಚು ನೋವಾಗುವುದು 2023ರ ಆಗಸ್ಟ್‌ನಲ್ಲಿ ನಡೆದದ್ದನ್ನು ನೆನೆದಾಗ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ನಿಯಮಾವಳಿ, ಔಷಧ ಕಂಪನಿಗಳ ಪ್ರಾಯೋಜಕತ್ವದ ಸಿಎಂಇಗಳಿಂದ ವೈದ್ಯರು ದೂರವಿರಬೇಕೆಂದು ಹೇಳಿತು. ಅದೇ ತಿಂಗಳಲ್ಲಿ ಇಡೀ ನಿಯಮಾವಳಿಯನ್ನೇ ತಡೆಹಿಡಿಯಲಾಯಿತು. ಔಷಧ ಮಾರುವವರ ಖರ್ಚಿನಲ್ಲಿ ನಡೆಯುವ ಪಾಠಕ್ಕೆ ಪರವಾನಗಿಯ ಕ್ರೆಡಿಟ್ ಸಿಗಬಾರದು.

30 ಗಂಟೆಗಳಲ್ಲಿ ಹತ್ತನ್ನಾದರೂ ಜಿಲ್ಲಾಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ, ಹಿರಿಯರ ಕಣ್ಣೆದುರು ಕೈಯಾರೆ ಮಾಡಿ ಗಳಿಸಬೇಕೆಂದು ನಮ್ಮ ಪರಿಷತ್ತು ವಿಧಿಸಬಹುದು. ಖಾಸಗಿ ಕ್ಲಿನಿಕ್ಕಿನವರಿಗೂ ಅಲ್ಲಿ ಪ್ರವೇಶ ಸಿಗಲಿ, ಖರ್ಚನ್ನು ನವೀಕರಣ ಶುಲ್ಕದಿಂದ ಭರಿಸಲಿ. ಹಾವು ಕಡಿತದ ತರಬೇತಿಯಂತೂ ಮೇ ತಿಂಗಳೊಳಗೆ, ಮುಂಗಾರಿನ ಉಳುಮೆಗೆ ಜನ ಹೊಲಕ್ಕಿಳಿಯುವ ಮೊದಲೇ ಮುಗಿಯಬೇಕು.