‘ಕಂಪ್ಯೂಟರ್ ಹೋಗಿದೆ’ ಎಂಬ ತೀರ್ಪು

ಗಾಡಿ ರಿಪೇರಿಯ ಲೋಕದಲ್ಲಿ ‘ಬೇರೆ ಹಾಕಿ ನೋಡುವ’ ಪದ್ಧತಿಗಿರುವಷ್ಟು ಮರ್ಯಾದೆ ಬೇರೆ ಯಾವ ವಿದ್ಯೆಗೂ ಇಲ್ಲ. ಅನುಮಾನ ಬಂದ ಭಾಗ ಬಿಚ್ಚು, ಚೆನ್ನಾಗಿರುವ ಇನ್ನೊಂದು ಹಾಕು, ಸರಿಹೋದರೆ ರೋಗ ಸಿಕ್ಕಿತು. ಆಲ್ಟರ್ನೇಟರಿಗೆ ಇದು ಸಾಕು, ಸ್ಟಾರ್ಟರ್ ಮೋಟಾರಿಗೂ ಸಾಕು. ಎಂಜಿನ್ ಕಂಪ್ಯೂಟರ್ ಮತ್ತು ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಸೇರಿಕೊಂಡ ಹಳೆಯ ಲ್ಯಾಂಡ್ ರೋವರ್‌ನಲ್ಲಿ ಇದೇ ಪದ್ಧತಿ ಸುಳ್ಳು ಸಾಕ್ಷಿ ಹೇಳುತ್ತದೆ. ಗೊತ್ತಿಲ್ಲದವರು ಮಾತ್ರವಲ್ಲ, ಈ ಗಾಡಿಗಳ ಬಗ್ಗೆ ಅಧಿಕಾರವಾಣಿಯಿಂದ ಬರೆಯುವವರೂ ಅದನ್ನೇ ಪ್ರಮಾಣವೆಂದು ಎತ್ತಿಹಿಡಿಯುವುದು ನನಗೆ ಬಹಳ ದಿನದಿಂದ ಕಿರಿಕಿರಿ.

ನನ್ನ ಮಾತು ಟಿಡಿ5 ಎಂಜಿನ್ನಿನ ಡಿಸ್ಕವರಿ ಮತ್ತು ಡಿಫೆಂಡರ್ ಕುರಿತು. 1998ರಲ್ಲಿ ಬಂದ ಐದು ಸಿಲಿಂಡರಿನ, ಎರಡೂವರೆ ಲೀಟರಿನ ಈ ಡೀಸೆಲ್ ಎಂಜಿನ್ನಿನ ಚರಿತ್ರೆಯನ್ನು ಮತ್ತೆ ಹೇಳಬೇಕಿಲ್ಲ. ಅದೇ ವರ್ಷದ ಅಕ್ಟೋಬರಿನಿಂದ ಯೂರೋಪಿನಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು ಎಂಬುದನ್ನಷ್ಟೇ ನೆನಪಿಟ್ಟುಕೊಂಡರೆ ಸಾಕು. ಡಿಫೆಂಡರ್‌ನಲ್ಲಿ ಲ್ಯೂಕಾಸ್ 10ಎಎಸ್ ಎಂಬ ಡಬ್ಬಿ, ಡಿಸ್ಕವರಿಯಲ್ಲಿ ಬಾಡಿ ಕಂಟ್ರೋಲ್ ಯೂನಿಟ್. ಇಗ್ನಿಷನ್ ಆನ್ ಆದೊಡನೆ ಅದು ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಒಂದು ಸಂಕೇತ ಕಳಿಸುತ್ತದೆ. ತಾನು ಕಲಿತಿಟ್ಟುಕೊಂಡ ಸಂಕೇತಕ್ಕೆ ಅದು ಹೊಂದಿದರೆ ಇಸಿಯು ಇಂಜೆಕ್ಟರುಗಳನ್ನು ತೆರೆಯುತ್ತದೆ, ಹೊಂದದಿದ್ದರೆ ಇಲ್ಲ.

ಈಗ ‘ಹಾಕಿ ನೋಡಿದೆವು’ ಎಂಬ ಮಾತನ್ನು ಬಿಡಿಸಿ ನೋಡೋಣ. ಗುಜರಿಯಿಂದ ತಂದ ಇಸಿಯು ಬೇರೊಂದು ಗಾಡಿಯ ಸಂಕೇತವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿರುತ್ತದೆ. ಅದನ್ನು ಕೂರಿಸಿದರೆ ಗಾಡಿ ಹೊತ್ತಿಕೊಳ್ಳುವುದಿಲ್ಲ; ಹೊತ್ತಿಕೊಳ್ಳಲೂ ಬಾರದು, ಅದನ್ನು ಮಾಡಿರುವುದೇ ಹಾಗೆ. ಮೆಕ್ಯಾನಿಕ್ ಏನು ತೀರ್ಮಾನಿಸುತ್ತಾನೆ? ಒಂದೋ ತಂದದ್ದೂ ಕೆಟ್ಟದ್ದು ಎನ್ನುತ್ತಾನೆ, ಇಲ್ಲವೇ ದೋಷ ಇಸಿಯುನಲ್ಲಿಲ್ಲ ಎನ್ನುತ್ತಾನೆ. ಎರಡಕ್ಕೂ ಆಧಾರವಿಲ್ಲ. ಸ್ಕ್ಯಾನರಿನಿಂದ ಹೊಸ ಇಸಿಯುಗೆ ಸಂಕೇತ ಕಲಿಸಿದ ಮೇಲೆ ಹಾಕಿದರೆ ಸರಿಯಲ್ಲವೇ ಎಂದು ಕೇಳಬಹುದು. ಗಾಡಿ ಹೊತ್ತಿಕೊಂಡಿತು ಎಂದೇ ಇಟ್ಟುಕೊಳ್ಳಿ. ಹಳೆಯದು ಸತ್ತಿತ್ತೆಂದು ಇದರಿಂದ ಸಿದ್ಧವಾಯಿತೇ? ಪ್ಲಗ್ ಕಿತ್ತು ಮತ್ತೆ ಚುಚ್ಚುವಾಗ ಪಿನ್ನುಗಳ ಮೇಲಿನ ಕಿಲುಬು ಉಜ್ಜಿಹೋಗಿ ಸಂಪರ್ಕ ಕೂಡಿಕೊಂಡಿರಬಹುದು. ಹಳೆಯದರಲ್ಲಿ ಸಂಕೇತವೊಂದೇ ತಪ್ಪಿಹೋಗಿದ್ದು, ಅದಕ್ಕೇ ಮತ್ತೆ ಕಲಿಸಿದ್ದರೂ ಸಾಕಾಗುತ್ತಿತ್ತೇನೋ. ಹೀಗೆ ಸೋತರೂ ಗೆದ್ದರೂ ಏನನ್ನೂ ಹೇಳದ ಪರೀಕ್ಷೆಯನ್ನು ನಾವು ನಲವತ್ತು ವರ್ಷದ ಅನುಭವ ಎಂದು ಕರೆಯುತ್ತಿದ್ದೇವೆ. ಹಳೆಯ ಇಸಿಯುವನ್ನೇ ಮರಳಿ ಹಾಕಿ, ದೋಷವೂ ಮರಳಿತೇ ಎಂದು ನೋಡಿದವನ ಮಾತಿಗೆ ಮಾತ್ರ ಸ್ವಲ್ಪ ಬೆಲೆ ಉಂಟು. ಆ ತಾಳ್ಮೆ ಯಾರಿಗಿದೆ? ಗಾಡಿ ಹೊತ್ತಿಕೊಂಡ ಕ್ಷಣವೇ ಬಿಲ್ಲು ಬರೆಯಲು ಕೂರುತ್ತಾರೆ.

ಮೂಲದ ಗೊಂದಲ ಬೇರೆಯೇ ಇದೆ. ಒಲ್ಲೆ ಎನ್ನುವ ಇಸಿಯು ಮತ್ತು ಸತ್ತ ಇಸಿಯು ಹೊರಗಿನಿಂದ ಒಂದೇ ತರ ಕಾಣುತ್ತವೆ. ಆದರೆ ಒಲ್ಲೆ ಎನ್ನಬೇಕಾದರೆ ಜೀವ ಇರಬೇಕು. ಸ್ಕ್ಯಾನರಿನ ಜತೆ ಮಾತಾಡುವ ಇಸಿಯುಗೆ ವಿದ್ಯುತ್ತು ಬರುತ್ತಿದೆ, ಅರ್ತ್ ಕೂಡಿದೆ, ಪ್ರೊಸೆಸರ್ ಓಡುತ್ತಿದೆ. ಅದರ ಇಂಜೆಕ್ಟರ್ ನಡೆಸುವ ಭಾಗ ಸುಟ್ಟಿರಬಹುದು, ನಿಜ. ಇಡೀ ಕಂಪ್ಯೂಟರ್ ಹೋಗಿದೆ ಎನ್ನುವಂತಿಲ್ಲ. ಮಾತಾಡದಿದ್ದರೂ ಅದು ಸಾವಲ್ಲ. ಸ್ಕ್ಯಾನರ್ ಚುಚ್ಚಿದ ಅದೇ ಸಾಕೆಟ್ಟಿನಲ್ಲಿ ಎಬಿಎಸ್ ಉತ್ತರಿಸಿ ಇಸಿಯು ಮಾತ್ರ ಸುಮ್ಮನಿದ್ದರೆ, ಮೊದಲು ನೋಡಬೇಕಾದ್ದು ಅದಕ್ಕೆ ಅನ್ನ ಹೋಗುತ್ತಿದೆಯೇ ಎಂದು: ಫ್ಯೂಸು, ಮೇನ್ ರಿಲೇ, ಅರ್ತ್.

ಇಲ್ಲಿ ಮಲ್ಟಿಮೀಟರೂ ಮೋಸ ಮಾಡುತ್ತದೆ. ಇಸಿಯು ಪ್ಲಗ್ ಕಳಚಿ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ, ಸರಬರಾಜು ಸರಿಯಿದೆ ಎಂದು ಮುಂದೆ ಹೋಗುತ್ತಾರೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ತುಕ್ಕು ಹಿಡಿದ ಅರ್ತ್‌ನಲ್ಲಿ ಎರಡು ಓಮ್ ಅಡ್ಡಿಯಿದ್ದರೂ ಅದಕ್ಕೆ ಕಾಣಿಸದು. ಅದೇ ಜಾಗದಲ್ಲಿ 21 ವ್ಯಾಟಿನ ಇಂಡಿಕೇಟರ್ ಬಲ್ಬೊಂದನ್ನು ಹೊತ್ತಿಸಿ, ಅದು ಉರಿಯುತ್ತಿರುವಾಗ ಅಳೆದು ನೋಡಿ: ಅದೇ ಎರಡು ಓಮ್ ಎರಡೂವರೆ ಮೂರು ವೋಲ್ಟು ನುಂಗಿರುತ್ತದೆ. ಡಿಫೆಂಡರ್‌ನ ಇಸಿಯು ಇರುವುದು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ. ಹೊಳೆ ದಾಟುವ ಗಾಡಿಯಲ್ಲಿ ಆ ಜಾಗದ ವೈರು ಇಪ್ಪತ್ತು ವರ್ಷ ಹೇಗಿದ್ದೀತು ಎಂಬುದನ್ನು ಊಹಿಸಲು ಎಂಜಿನಿಯರ್ ಆಗಬೇಕಿಲ್ಲ. ಒಂದು ಬಲ್ಬಿನ ಈ ಪರೀಕ್ಷೆಗೆ ಸಿಗಬೇಕಾದ ಕೀರ್ತಿಯನ್ನು ಬಣ್ಣದ ಪರದೆಯ ಸ್ಕ್ಯಾನರುಗಳು ಕಸಿದುಕೊಂಡಿವೆ. ನ್ಯಾನೊಕಾಮ್ ಎಂಬ ಸ್ಕ್ಯಾನರ್ ಒಳ್ಳೆಯ ಉಪಕರಣ, ತಕರಾರಿಲ್ಲ. ಸಂಕೇತ ಕಲಿಸಲು ಅದು ಬೇಕೇ ಬೇಕು. ರೋಗ ಹುಡುಕುವುದನ್ನೂ ಅದಕ್ಕೇ ವಹಿಸಿಬಿಟ್ಟದ್ದು ನಮ್ಮ ಸೋಮಾರಿತನ.

ಕಂಪನಿಯ ಅಧಿಕೃತ ಕೈಪಿಡಿಯೂ ಈ ಸೋಮಾರಿತನಕ್ಕೆ ಒತ್ತಾಸೆ ಕೊಟ್ಟಿದೆ. ‘ರೇವ್’ ಸಿ.ಡಿ.ಯ ಸರ್ಕ್ಯೂಟ್ ಚಿತ್ರಗಳು ಚೊಕ್ಕವಾಗಿವೆ. ಯಾವ ಪಿನ್ನಿಗೆ ಯಾವ ಬಣ್ಣದ ವೈರು ಎಂಬುದನ್ನು ಅಷ್ಟು ನಿಚ್ಚಳವಾಗಿ ಹೇಳಿದ ಪುಸ್ತಕ ಕಡಿಮೆ. ವಿವರಣೆಯ ಗದ್ಯವೂ ಸೊಗಸು. ಆದರೆ ರೋಗನಿರ್ಣಯದ ಬಾಗಿಲಿಗೆ ಬರುತ್ತಲೇ ಅದು ಓದುಗನ ಕೈಬಿಟ್ಟು, ಡೀಲರುಗಳ ಬಳಿ ಮಾತ್ರ ಇದ್ದ ಟೆಸ್ಟ್‌ಬುಕ್ ಯಂತ್ರದ ಕಡೆ ಬೆರಳು ತೋರಿಸುತ್ತದೆ. ಎಲ್ಲವನ್ನೂ ತಿಳಿಸಿ ಏನನ್ನೂ ಮಾಡಗೊಡದ ಬರಹ ಇದು.

ಇನ್ನು ಹಳೆಯ ಕಾಲದ ಭಕ್ತರು. ಕಂಪ್ಯೂಟರ್ ಬಂದದ್ದೇ ಲ್ಯಾಂಡ್ ರೋವರ್ ಕೆಟ್ಟಿತು, ಟಿಡಿ5ಗೆ ಮೊದಲಿದ್ದ 300ಟಿಡಿಐ ಕೊನೆಯ ಶುದ್ಧ ಎಂಜಿನ್ ಎಂಬುದು ಇವರ ಜಪ. ಕೊನೆಕೊನೆಯ 300ಟಿಡಿಐ ಡಿಫೆಂಡರ್‌ಗಳಲ್ಲೂ ಅದೇ 10ಎಎಸ್ ಕೂತು ಡೀಸೆಲ್ ಪಂಪಿನ ಸೊಲೆನಾಯ್ಡ್ ಹಿಡಿದುಕೊಂಡಿತ್ತು ಎಂಬುದನ್ನು ಇವರು ಮರೆಯುತ್ತಾರೆ. ಅದನ್ನು ವೈರು ಕತ್ತರಿಸಿ ದಾಟಬಹುದಿತ್ತು, ಅಷ್ಟೇ. ಕಳ್ಳನಿಗೂ ಅದು ಸಾಧ್ಯವಿತ್ತೆಂಬುದನ್ನು ಶುದ್ಧಿಯ ಲೆಕ್ಕಕ್ಕೆ ಸೇರಿಸುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಈ ಗುಂಪಿನ ಬರಹಗಳಲ್ಲಿ ಇಸಿಯು ಒಂದು ಪಾಪದ ಫಲ. ಪಾಪವನ್ನು ಯಾರಾದರೂ ಅಳೆಯುತ್ತಾರೆಯೇ? ಹಾಗಾಗಿ ಅವರು ಮೀಟರ್ ಮುಟ್ಟುವುದಿಲ್ಲ.

ಇಸಿಯು ಸಾಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಟಿಡಿ5ರಲ್ಲಿ ಅದನ್ನು ಕಾಡುವ ಪ್ರಸಿದ್ಧ ಕಾಯಿಲೆ ಎಣ್ಣೆ. ಇಂಜೆಕ್ಟರುಗಳ ವೈರು ರಾಕರ್ ಕವರಿನೊಳಗೆ ಬಿಸಿ ಎಣ್ಣೆಯಲ್ಲಿ ತೊಯ್ದಿರುತ್ತದೆ. ಎಣ್ಣೆ ವೈರಿನ ಎಳೆಗಳ ಸಂದಿಯಲ್ಲಿ, ದೀಪದ ಬತ್ತಿಯಲ್ಲಿ ಏರುವ ಹಾಗೆ, ಇಸಿಯುವಿನ ಕೆಂಪು ಪ್ಲಗ್‌ವರೆಗೂ ತೆವಳುತ್ತದೆ. ಆಗ ಇಂಜೆಕ್ಟರ್ ದೋಷಗಳು ದಾಖಲಾಗುತ್ತವೆ, ಎಂಜಿನ್ ತಡವರಿಸುತ್ತದೆ. ಇಲ್ಲೂ ಮೊದಲ ಮದ್ದು ಹೊಸ ಹಾರ್ನೆಸ್ ಮತ್ತು ಪ್ಲಗ್ಗಿನ ಶುಚಿ. ಮುಖ್ಯ ವೈರಿನಲ್ಲಿ ಉಳಿದ ಎಣ್ಣೆ ಇಳಿಯುತ್ತಲೇ ಇರುವುದರಿಂದ ಒರೆಸುವ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಇಷ್ಟಾದ ಮೇಲೂ, ಬಲ್ಬಿನ ಪರೀಕ್ಷೆ ಪಾಸಾಗಿ ಸಂಕೇತವೂ ಹೊಂದಿ, ಒಂದು ಇಂಜೆಕ್ಟರ್ ಮಾತ್ರ ಮಿಸುಕದಿದ್ದರೆ ಇಸಿಯು ಬದಲಿಸಿ. ಬದಲಿಸುವ ಮುನ್ನ, ಹೊಸದಕ್ಕೆ ತುಂಬಲು, ಹಳೆಯದರಿಂದ ಐದೂ ಇಂಜೆಕ್ಟರುಗಳ ಕೋಡು ಬರೆದುಕೊಳ್ಳಿ. ಅದು ಬಾಯಿಬಿಡದಿದ್ದರೆ ರಾಕರ್ ಕವರ್ ತೆಗೆದು, ಒಂದೊಂದು ಇಂಜೆಕ್ಟರಿನ ತಲೆ ಒರೆಸಿ ಅಕ್ಷರ ಓದಬೇಕಾಗುತ್ತದೆ. ‘ಹಾಕಿ ನೋಡುವವರು’ ಈ ಕೋಡುಗಳ ಗೊಡವೆಗೇ ಹೋಗುವುದಿಲ್ಲ. ಬೇರೆ ಗಾಡಿಯ ಲೆಕ್ಕದಲ್ಲಿ ಡೀಸೆಲ್ ಕುಡಿದು ಒರಟಾಗಿ ಓಡುವ ಎಂಜಿನ್ನನ್ನು ರಿಪೇರಿಯಾಯಿತೆಂದು ಒಪ್ಪಿಸಿ ಕಳಿಸುತ್ತಾರೆ.