ವಾತಾಪಿಯ ಗಿರಿದುರ್ಗ: ಶಾಸನದಲ್ಲಿಯೂ ಕಣ್ಣೆದುರಿನಲ್ಲಿಯೂ

ಬಾದಾಮಿಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಗುಹಾಲಯಗಳನ್ನು ನೋಡಿದ್ದಾರೆ, ಶಿವಾಲಯಗಳನ್ನು ನೋಡಿದ್ದಾರೆ. ಕೋಟೆಯನ್ನು ಮಾತ್ರ ಹತ್ತಿ ಇಳಿದಿದ್ದಾರೆ. ಹತ್ತಿ ಇಳಿಯುವುದೇ ಬೇರೆ, ನೋಡುವುದೇ ಬೇರೆ. ಅಂದಿನ ಬೆಳಗಾವಿ, ಕಲಾದಗಿ ಜಿಲ್ಲೆಗಳ ಪ್ರಾಚೀನಾವಶೇಷಗಳನ್ನು ಜೇಮ್ಸ್ ಬರ್ಜೆಸ್ 1874ರಲ್ಲಿ ಪರಿಶೀಲಿಸಿ ವರದಿ ಬರೆದಂದಿನಿಂದ ಇಲ್ಲಿಯ ಶಿಲ್ಪವನ್ನು ಕುರಿತ ವಿವೇಚನೆ ಬಹಳ ದೂರ ಸಾಗಿದೆ. ಆದರೆ ಆ ಶಿಲ್ಪಕ್ಕೆ ನೆಲೆಕೊಟ್ಟ ದುರ್ಗವು ವಿಮರ್ಶೆಯಲ್ಲಿ ಬರಿಯ ಹಿನ್ನೆಲೆಯಾಗಿಯೇ ಉಳಿದಿದೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಶಾಸನದ ಮಾತು. ಉತ್ತರದ ಬೆಟ್ಟದ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯ ಸಂಸ್ಕೃತ ಶಾಸನವಿದೆ. ಅದರ ಕಾಲ ಶಕ 465, ಎಂದರೆ ಕ್ರಿ. ಶ. 543. ಪಂಚಮುಖಿಯವರು ಸಂಪಾದಿಸಿ ಪ್ರಕಟಿಸಿದ ಈ ಬರಹವು ಕೆಲವೇ ಸಾಲುಗಳದು. ಚಲಿಕ್ಯ ವಲ್ಲಭೇಶ್ವರನು ವಾತಾಪಿಯೆಂಬ ಶ್ರೇಷ್ಠ ಗಿರಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಅಜೇಯವಾಗುವಂತೆ ದುರ್ಗವನ್ನಾಗಿ ಮಾಡಿಸಿದನೆಂಬುದು ಅದರ ತಾತ್ಪರ್ಯ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಅರಸನು ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನೆಂದು ಶಾಸನ ಹೇಳುವುದಿಲ್ಲ. ಬೆಟ್ಟವನ್ನೇ ಕೋಟೆ ಮಾಡಿಸಿದನೆಂದು ಹೇಳುತ್ತದೆ. ಎರಡನೆಯದಾಗಿ, ಮಂಗಳೇಶನ ಮೂರನೆಯ ಗುಹೆಗೆ (ಕ್ರಿ. ಶ. 578) ಮೂವತ್ತೈದು ವರ್ಷ ಮೊದಲೇ ಈ ದುರ್ಗವು ಮೂಡಿತ್ತು. ಬಾದಾಮಿಯ ಚಾಲುಕ್ಯರು ತಮ್ಮ ಕೃತಿಯೆಂದು ತಿಥಿಸಹಿತ ಹೇಳಿಕೊಂಡ ಮೊದಲನೆಯದು ದೇವಾಲಯವಲ್ಲ, ಈ ಗಿರಿದುರ್ಗ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬಾವನ್‌ಬಂಡೆ ಕೋಟೆಯನ್ನು ಏರಿದರೆ ಅದರ ಅರ್ಥವೇ ಬದಲಾಗುತ್ತದೆ. ವಸ್ತುಸಂಗ್ರಹಾಲಯದ ಬಳಿಯಿಂದ ಹೊರಟ ದಾರಿಯು ಸ್ವಲ್ಪದರಲ್ಲಿಯೇ ಎರಡು ಕೆಂಬಂಡೆಗಳ ನಡುವಣ ಸೀಳಿನಲ್ಲಿ ಹೊಗುತ್ತದೆ. ಎರಡೂ ಪಕ್ಕದಲ್ಲಿ ನೆಟ್ಟನೆ ನಿಂತ ಮರಳುಗಲ್ಲು, ನೆತ್ತಿಯ ಮೇಲೆ ಆಕಾಶದ ಒಂದು ಪಟ್ಟಿ. ಕೆಲವೆಡೆ ಇಬ್ಬರು ಜೊತೆಯಾಗಿ ನಡೆಯುವುದೂ ಕಷ್ಟ. ಮೇಲೆ ನಿಂತ ನಾಲ್ವರು ಕಲ್ಲು ಉರುಳಿಸಿದರೆ ಕೆಳಗಿನ ದಂಡು ಹಿಂದಿರುಗಬೇಕಾಗುತ್ತದೆ. ಈ ಸೀಳನ್ನು ಯಾವ ಶಿಲ್ಪಿಯೂ ಕೊರೆಯಲಿಲ್ಲ. ಅದನ್ನು ಬಾಗಿಲೆಂದು ಗುರುತಿಸಿ ಅದಕ್ಕೆ ಕದವಿಟ್ಟುದೇ ಇಲ್ಲಿಯ ವಾಸ್ತು. ಕಟ್ಟಿದುದನ್ನು ಮಾತ್ರ ಎಣಿಸುವ ವಾಸ್ತುವಿಮರ್ಶೆಗೆ ಇಂತಹ ಕೌಶಲ ಸಿಕ್ಕುವುದಿಲ್ಲ. ರೈನ್ ನದಿಯ ದಂಡೆಯ ಮಧ್ಯಯುಗದ ಗಿರಿದುರ್ಗಗಳನ್ನು ಚಿತ್ರಗಳಲ್ಲಿ ಕಂಡ ನಮ್ಮ ವಿದ್ಯಾರ್ಥಿಗಳು ಬೆಟ್ಟದ ತುದಿಯಲ್ಲಿ ಒಡೆಯನ ಮನೆಯನ್ನೂ ಎತ್ತರದ ಗೋಪುರವನ್ನೂ ನಿರೀಕ್ಷಿಸುತ್ತಾರೆ. ಇಲ್ಲಿ ತುದಿಯಲ್ಲಿರುವುದು ಕಣಜ, ಕಾವಲುಬುರುಜು ಮತ್ತು ಶಿವಾಲಯ.

ಮೇಲಣ ಶಿವಾಲಯವನ್ನು ವಿಮರ್ಶಕರು ಕೋಟೆಯಿಂದ ಬಿಡಿಸಿ ತೆಗೆದು, ಅದರ ಶಿಖರವನ್ನು ಪಟ್ಟದಕಲ್ಲಿನ ಶಿಖರಗಳೊಡನೆ ಹೋಲಿಸುವುದು ರೂಢಿ. ಹೋಲಿಕೆ ಉಪಯುಕ್ತವೇ. ಆದರೆ ಪೀಠದ ಸುತ್ತಲೂ ರಾಮಕಥೆ, ಕೃಷ್ಣಕಥೆಗಳ ಕಿರುಶಿಲ್ಪವುಳ್ಳ ಈ ಗುಡಿಯು ಬೆಟ್ಟದ ನೆತ್ತಿಯಲ್ಲಿ ನಿಂತಿರುವುದೇಕೆ? ಆ ಕಿರುಶಿಲ್ಪವನ್ನು ಬಗ್ಗಿ ನೋಡಬೇಕು. ಗುಡಿಯನ್ನಾದರೋ ಅಗಸ್ತ್ಯತೀರ್ಥದ ಆಚೆಯ ದಡದಿಂದಲೂ ಕಾಣಬಹುದು. ಎಲ್ಲರಿಗೂ ಕಾಣುವ ಶಿಖರ, ಒಳಹೊಕ್ಕವನಿಗೆ ಮಾತ್ರ ಸಿಕ್ಕುವ ಕಥೆ: ಇವೆರಡರ ನಡುವೆ ದುರ್ಗದ ದಾರಿಯಿದೆ. ಕೆಳಗಣ ಶಿವಾಲಯದಲ್ಲಿ ಗರ್ಭಗೃಹವೂ ಅದರ ಶಿಖರವೂ ಮಾತ್ರ ಉಳಿದಿರುವುದರಿಂದ ಅದರ ವಿಷಯವಾಗಿ ಹೆಚ್ಚು ಹೇಳುವಂತಿಲ್ಲ.

ಇನ್ನು ಗೋಡೆಗಳು. ಇಂದು ಕಾಣುವ ಗೋಡೆಯನ್ನೆಲ್ಲ ಪುಲಕೇಶಿಯ ಲೆಕ್ಕಕ್ಕೆ ಬರೆಯುವುದು ದಾರಿ ತೋರಿಸುವವರ ಅಭ್ಯಾಸ. ವಿದ್ಯಾವಂತರ ಲೇಖನಗಳಲ್ಲಿಯೂ ಅದು ನುಸುಳಿದೆ. ಮೊದಲನೆಯ ಹರಿಹರನ ಕಾಲದ 1340ರ ಶಾಸನವೊಂದು ಇಲ್ಲಿ ಕೋಟೆ ಕಟ್ಟಿಸಿದುದನ್ನು ಹೇಳುತ್ತದೆ. ಮುಂದೆ ಆದಿಲಶಾಹಿಯವರು, ಮರಾಠರು, ಹೈದರ್ ಮತ್ತು ಟೀಪು ಇದನ್ನು ಆಳಿದರು. ಗಾರೆ ಹಾಕಿ ಸಣ್ಣ ಕಲ್ಲಿನಿಂದ ಕಟ್ಟಿದ ತೆನೆಗಳೂ ತುಪಾಕಿಯ ಕಂಡಿಗಳೂ ಮದ್ದುಗುಂಡಿನ ಕಾಲದವು. ಆರನೆಯ ಶತಮಾನದಲ್ಲಿ ಅವಕ್ಕೆ ಕೆಲಸವೇ ಇರಲಿಲ್ಲ. ಹಾಗೆಂದು ಅವನ್ನು ಹೊಲಸೆಂದು ಕಿತ್ತು ‘ಶುದ್ಧ ಚಾಲುಕ್ಯ’ ಕೋಟೆಯನ್ನು ಹುಡುಕಹೊರಡುವುದು ಇನ್ನೂ ದೊಡ್ಡ ತಪ್ಪು. ಹಳೆಯ ಕಾವ್ಯದ ಓಲೆಪ್ರತಿಯಲ್ಲಿ ಲಿಪಿಕಾರರ ಕೈ ಬೇರೆಬೇರೆ ಇದ್ದರೆ ನಾವು ಪಾಠಾಂತರಗಳನ್ನು ಗುರುತಿಸುತ್ತೇವೆಯೇ ಹೊರತು ಓಲೆಯನ್ನು ಕೆರೆಯುವುದಿಲ್ಲ. ಈ ಗೋಡೆಗಳಿಗೂ ಅದೇ ನ್ಯಾಯ ಸಲ್ಲಬೇಕು. ಜೀರ್ಣೋದ್ಧಾರದ ಹೆಸರಿನಲ್ಲಿ ಒಮ್ಮೆ ಅಳಿದ ಪದರವನ್ನು ಮತ್ತೆ ಓದಲಾಗದು.

ಅಜೇಯವೆಂಬ ಮಾತಿನ ಪರಿಣಾಮವನ್ನೂ ನೋಡಬೇಕಷ್ಟೆ. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದು, ತನ್ನ ಹದಿಮೂರನೆಯ ಆಳಿಕೆಯ ವರ್ಷದ ಶಾಸನವನ್ನು ಬಾದಾಮಿಯ ಬಂಡೆಯ ಮೇಲೆಯೇ ಬರೆಯಿಸಿದನು. ಹನ್ನೆರಡು ಹದಿಮೂರು ವರ್ಷಗಳ ತರುವಾಯ ಮೊದಲನೆಯ ವಿಕ್ರಮಾದಿತ್ಯನು ನಗರವನ್ನು ಮರಳಿ ಪಡೆದನು. 1786ರಲ್ಲಿ ನಿಜಾಮ ಮತ್ತು ಮರಾಠರ ಕೂಡುಸೇನೆ ಟೀಪುವಿನ ದಂಡಿನಿಂದ ಇದನ್ನು ಗೆದ್ದಿತು. ಊರಿನ ಗೋಡೆ ಬಿದ್ದ ಮೇಲೆ ಮೇಲಿನ ಕೋಟೆಗಳು ಬಹಳ ಹೊತ್ತು ನಿಲ್ಲಲಿಲ್ಲ. 1818ರಲ್ಲಿ ಮನ್ರೋನ ಕೈಸೇರಿತು. ಶಾಸನವು ‘ಮೇಲೆ’, ‘ಕೆಳಗೆ’ ಎಂದು ಎರಡನ್ನೂ ಕೂಡಿಸಿ ಹೇಳಿದುದರ ಹುರುಳು ಇದರಿಂದ ಸ್ಪಷ್ಟವಾಗುತ್ತದೆ. ಕೆರೆ, ಊರು, ಬೆಟ್ಟ ಮೂರೂ ಒಂದೇ ದುರ್ಗದ ಅಂಗಗಳು. ಕೆಳಗಿನದು ಹೋದಾಗ ಮೇಲಿನದು ಬರಿಯ ಬಂಡೆ.

ಬಾದಾಮಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಸಾಮಾನ್ಯವಾಗಿ ಗುಹೆಗಳಿಂದ ಮೊದಲು ಮಾಡಿ, ಬಿಸಿಲೇರಿದ ಮೇಲೆ, ದಣಿದ ಕಾಲಿನಲ್ಲಿ ಉತ್ತರದ ಕೋಟೆಗೆ ಬರುತ್ತಾರೆ. ಈ ಕ್ರಮವನ್ನು ತಿರುವು ಮಾಡಿ, ಮುಂಜಾನೆಯೇ ಬಾವನ್‌ಬಂಡೆಯ ಸೀಳಿನಿಂದ ಆರಂಭಿಸಬೇಕು. ಮೇಲಣ ಶಿವಾಲಯದ ಜಗತಿಯ ಬಳಿ ನಿಂತು ಕೆರೆಯಾಚೆಗೆ ನೋಡಿದರೆ ಎದುರು ಬೆಟ್ಟದಲ್ಲಿ ನಾಲ್ಕು ಗುಹೆಗಳ ಬಾಯಿಗಳೂ ಅವುಗಳ ನೆತ್ತಿಯ ಮೇಲೆ ರಣಮಂಡಲ ಕೋಟೆಯ ಗೋಡೆಯೂ ಒಂದೇ ನೋಟದಲ್ಲಿ ಸಿಕ್ಕುತ್ತವೆ.